ಕಂಪನಿಯ ತಾಯಿ

ನಮ್ಮ ಕಡೆ ‘ಕಂಪನಿ’ ಎಂದರೆ ಒಂದೇ ಅರ್ಥ, ನಾಟಕ ಕಂಪನಿ. ಇದು ನನಗೂ ನನ್ನ ಗೆಳೆಯನಿಗೂ ಗೊತ್ತಿರಲಿಲ್ಲ ಎಂದಲ್ಲ, ಬೋರ್ಡು ಬರೆಸುವ ಉಮೇದಿನಲ್ಲಿ ಮರೆತಿದ್ದೆವು. ಸವಣೂರಿನ ಬಜಾರಿನಲ್ಲಿ ಟೇಲರ್ ಅಂಗಡಿಯ ಮೇಲೆ ನಮ್ಮದೊಂದು ಕೋಣೆ. ಅದರ ಬಾಗಿಲ ಮೇಲೆ ‘ಚಿತ್ರ ನಿರ್ಮಾಣ ಕಂಪನಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ ಕೆಲವೇ ದಿನಕ್ಕೆ, ವೀಳ್ಯದೆಲೆ ಮಾರಲು ಬಂದಿದ್ದ ಒಬ್ಬ ಮುದುಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ತಂಬು ಎಲ್ಲಿ ಹೊಡೆಯುತ್ತೀರಿ, ಹಾಸ್ಯದ ಪಾತ್ರಕ್ಕೆ ಯಾರಿದ್ದಾರೆ ಎಂದು ವಿಚಾರಿಸಿದರು. ನಾವು ಸಿನಿಮಾದವರು ಎಂದಾಗ ಅವರ ಮುಖ ಸಣ್ಣದಾಯಿತು. ಇಷ್ಟು ಮೆಟ್ಟಿಲು ಸುಮ್ಮನೆ ಹತ್ತಿದೆನಲ್ಲ ಎಂದು ಗೊಣಗುತ್ತ ಇಳಿದು ಹೋದರು.

ಆ ಬೋರ್ಡಿನಿಂದ ಆದ ಇನ್ನೊಂದು ಅನಾಹುತವೆಂದರೆ ನನ್ನ ಅವ್ವ. ಕಂಪನಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಮೆಟ್ಟಿಲು ತಾನು ಹತ್ತುವುದಿಲ್ಲ ಎಂದುಬಿಟ್ಟಳು. ಅವಳ ಚಿಕ್ಕಂದಿನಲ್ಲಿ ಅವಳ ಸೋದರಮಾವನೊಬ್ಬ ಕಂಪನಿಯ ಹಿಂದೆ ಹೋದವನು ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರೂರು ಅಲೆದು, ಹೊಲಮನೆ ಮರೆತನಂತೆ. ಕೋಣೆಯ ಪೂಜೆಗೆ ಬಾ ಎಂದು ನಾನು ಕೈಮುಗಿದು ಕರೆದೆ. ಬರಲಿಲ್ಲ. ತೆಂಗಿನಕಾಯಿ ಟೇಲರ್ ಒಡೆದ.

ಕಂಪನಿ ಎಂದರೂ ಇದ್ದದ್ದು ನಾವು ಮೂವರು. ಗೆಳೆಯ ಹತ್ತಿಮತ್ತೂರಿನವನು; ನಿರ್ದೇಶಕನೂ ಅವನೇ, ನಾಯಕನೂ ಅವನೇ. ಶಿಗ್ಗಾಂವಿಯ ಒಬ್ಬ ಕ್ಯಾಮೆರಾದವನು ತನ್ನ ಕ್ಯಾಮೆರಾ ಸಮೇತ ಬರುತ್ತಿದ್ದ. ನಾನು ಕಥೆ ಬರೆಯುವವನು, ಉದ್ದ ಕೋಲಿಗೆ ಕಟ್ಟಿದ ಮೈಕು ಹಿಡಿಯುವವನು, ಕೊನೆಗೆ ಕಂಪ್ಯೂಟರ್ ಮುಂದೆ ಕುಳಿತು ತುಂಡು ತುಂಡು ದೃಶ್ಯ ಜೋಡಿಸುವವನು. ಅಲ್ಲಿಯವರೆಗೆ ನಾವು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮದುವೆ ವಿಡಿಯೊ ಮಾಡಿಕೊಂಡಿದ್ದೆವು. ಅಕ್ಷತೆ ಬೀಳುವಾಗ ಮದುಮಗಳ ತಾಯಿ ಎಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ ಎಂಬುದು ನಮಗೆ ಬಾಯಿಪಾಠವಾಗಿತ್ತು. ಇಷ್ಟು ಅಳು ತೆಗೆದಿದ್ದೇವೆ, ಇನ್ನು ಸಿನಿಮಾ ತೆಗೆಯುವುದು ಏನು ಮಹಾ ಎಂದು ಗೆಳೆಯ ಹೇಳಿದ, ನಾನು ಹೂಂ ಎಂದೆ. ಪೋಸ್ಟರಿನ ಮೇಲೆಲ್ಲ ಅವನ ಮುಖವೇ ಇರುತ್ತಿತ್ತು. ಅದಕ್ಕೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ನನ್ನ ಮುಖ ಎಂಥದ್ದೆಂದು ನನಗೆ ಗೊತ್ತು.

ನನ್ನ ಹೊಟ್ಟೆಕಿಚ್ಚು ಬೇರೆಯದು, ಅದನ್ನು ನಿಮ್ಮ ಮುಂದೆ ಮುಚ್ಚಿಡುವ ಮನುಷ್ಯ ನಾನಲ್ಲ.

ಗೆಳೆಯನಿಗೆ ತಾಯಿ ಇರಲಿಲ್ಲ. ನಡೆಯಲು ಕಲಿಯುವ ಮೊದಲೇ ಆಕೆ ಹೋಗಿದ್ದಳು. ಕಾಕಾಗಳ ಮನೆಯಲ್ಲಿ ಬೆಳೆದವನು. ಹೈಸ್ಕೂಲಿಗೆ ಸವಣೂರಿಗೆ ಬಂದಾಗಿನಿಂದ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಅವನು ಅಂಗಳಕ್ಕೆ ಕಾಲಿಡುತ್ತಲೇ ಅವ್ವನ ಧ್ವನಿಯೇ ಬದಲಾಗುತ್ತಿತ್ತು. “ಬಾ ನನ್ನಪ್ಪಾ, ಬಿಸಿಲಾಗ ಬಂದೀ,” ಎನ್ನುತ್ತಿದ್ದಳು. ನಮ್ಮ ಕಡೆ ತಾಯಂದಿರು ಮಗನನ್ನು ಮುದ್ದಿನಿಂದ ಕರೆಯುವ ಮಾತು ಅದು, ನನ್ನಪ್ಪಾ. ಅದೇ ಬಿಸಿಲಿನಲ್ಲಿ, ಅದೇ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಬಂದ ನನಗೆ ಮಾತ್ರ, “ಏ, ಕಾಲ ತೊಳಕೊಂಡ ಒಳಗ ಬಾ.” ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹಾಗಾದರೆ ನಾನು ಹೆಗ್ಗಣಕ್ಕಿಂತ ಕಡೆಯೇ ಎಂದು ಎಷ್ಟೋ ಸಲ ಅನಿಸಿದೆ. ಹೆಸರು ಹಿಡಿದು ಕೂಡ ಅವ್ವ ನನ್ನನ್ನು ಕರೆದದ್ದು ಅಪರೂಪ. ನೆರೆಯವರ ಮುಂದೆ ನನ್ನ ಮಾತು ಬಂದರೆ, “ಐತಿ ಅದೊಂದು,” ಎಂದು ಬೇರೆ ಸುದ್ದಿ ತೆಗೆಯುತ್ತಿದ್ದಳು. ಅನ್ನಕ್ಕೆ, ಬಟ್ಟೆಗೆ, ಜ್ವರ ಬಂದಾಗ ತಲೆಗೆ ತಣ್ಣೀರು ಬಟ್ಟೆಗೆ ಕೊರತೆ ಮಾಡಿದವಳಲ್ಲ. ಆದರೆ ಆ ಒಂದು ಮಾತು ನನ್ನ ಪಾಲಿಗೆ ಇರಲಿಲ್ಲ. ತಾಯಿಯಿಲ್ಲದ ಹುಡುಗ, ಅವನಿಗೆ ಇರಲಿ ಬಿಡು ಎಂದು ದೊಡ್ಡ ಮನಸ್ಸು ಮಾಡಲು ನಾನೇನು ಸಂತನೇ?

ನಮ್ಮ ಮೊದಲ ಸಿನಿಮಾ ಸವಣೂರಿನಿಂದ ಯಲವಿಗಿ ಸ್ಟೇಷನ್ನಿಗೆ ಟಂಟಂ ರಿಕ್ಷಾ ಓಡಿಸುವ ಒಬ್ಬ ಹುಡುಗನದು. ಟಂಟಂ ಉರುಳಿ ಬಿದ್ದು, ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬರುತ್ತಾನೆ. ತಾಯಿ ಬಾಗಿಲಲ್ಲಿ ನಿಂತು ಅವನನ್ನು ಒಳಗೆ ಕರೆದುಕೊಳ್ಳುತ್ತಾಳೆ. ತಾಯಿಯ ಪಾತ್ರಕ್ಕೆ ಹುಬ್ಬಳ್ಳಿಯ ಒಬ್ಬ ಅನುಭವಿ ನಟಿಯನ್ನು ಗೊತ್ತು ಮಾಡಿದ್ದೆವು. ಶೂಟಿಂಗ್ ನಮ್ಮ ಮನೆಯಲ್ಲೇ. ಬೆಳಿಗ್ಗೆ ಆಕೆಯಿಂದ ಫೋನು: ಮೊಣಕಾಲು ಹಿಡಿದುಕೊಂಡಿದೆ, ಬರಲಾಗದು. ಕ್ಯಾಮೆರಾದವನಿಗೆ ಮರುದಿನ ಬೇರೆ ಕಡೆ ಮದುವೆ ಇತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಗೆಳೆಯ ಸೀದಾ ಅಡಿಗೆಮನೆಗೆ ಹೋದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ತುಸು ಹೊತ್ತಿಗೆ ಅವ್ವ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದು, ಎಲ್ಲಿ ನಿಲ್ಲಬೇಕು ಎಂದು ಕೇಳಿದಳು. ನಾನು ಕೈಮುಗಿದು ಕರೆದರೂ ಕಂಪನಿಯ ಮೆಟ್ಟಿಲು ಹತ್ತದ ಅವ್ವ! ಅವನು ಏನು ಹೇಳಿದನೋ, ಇವಳು ಏನು ಕೇಳಿದಳೋ, ಈಗ ಹೊಸ ಸೀರೆ ಉಡಲೇ ಎಂದು ಅವನನ್ನೇ ವಿಚಾರಿಸುತ್ತಿದ್ದಳು.

ಹೆಡ್‌ಫೋನು ಹಾಕಿಕೊಂಡವನಿಗೆ ಮಾತು ಬೇರೆಯವರಿಗಿಂತ ಹತ್ತಿರದಿಂದ ಕೇಳುತ್ತದೆ. ಅವ್ವನ ಬಳೆಯ ಸದ್ದು, ಅವಳು ಉಗುಳು ನುಂಗಿದ್ದು ಎಲ್ಲ ನನ್ನ ಕಿವಿಯೊಳಗೇ ಆಗುತ್ತಿತ್ತು. ಗೆಳೆಯ ತಲೆಗೆ ಬ್ಯಾಂಡೇಜು ಸುತ್ತಿಕೊಂಡು, ಕುಂಟುತ್ತ ಬಂದು ಹೊಸ್ತಿಲ ಮುಂದೆ ನಿಂತ. ಅವ್ವ ಅವನ ಗಲ್ಲ ಸವರಿ, ಎರಡೂ ಕೈ ತನ್ನ ಕಣತಲೆಗೆ ಒತ್ತಿ, ದೃಷ್ಟಿ ತಾಗದಿರಲೆಂದು ಲಟಿಗೆ ಮುರಿದಳು. ನಾನು ಬರೆದ ಮಾತು ‘ಒಳಗ ಬಾ’ ಎಂದಷ್ಟೇ ಇತ್ತು. ಅವಳು ಅದನ್ನು ಬಿಟ್ಟು, “ನನ್ನಪ್ಪಾ... ನನ್ನಪ್ಪಾ ಬಂದ್ಯಾ,” ಎಂದಳು. ನನ್ನ ಕಿವಿಯ ತೀರ ಒಳಗೆ ಎಂದಳು, ಅವನಿಗೆ ಎಂದಳು. ಮೈಕಿನ ಕೋಲು ಹಿಡಿದ ನನ್ನ ಕೈ ಇಳಿಯಿತು. ಕ್ಯಾಮೆರಾದವನು ಮೈಕು ಚೌಕಟ್ಟಿನೊಳಗೆ ಬಂತೆಂದು ಬೈದ. ಇನ್ನೊಮ್ಮೆ ತೆಗೆಯಬೇಕಾಯಿತು, ಅವ್ವ ಇನ್ನೊಮ್ಮೆ ಅದನ್ನೇ ಅಂದಳು, ಮೊದಲಿಗಿಂತ ಮೆತ್ತಗೆ.

ಜೋಡಿಸುವಾಗ ನಾನು ಆ ಮಾತು ತೆಗೆದುಬಿಡೋಣ, ಅತಿಯಾಯಿತು ಎಂದು ವಾದಿಸಿದೆ. ಗೆಳೆಯ ನನ್ನನ್ನು ದಿಟ್ಟಿಸಿ ನೋಡಿ, ಸಿನಿಮಾ ಇರುವುದೇ ಆ ಮಾತಿನಲ್ಲಿ ಎಂದ. ಅವನು ಹೇಳಿದ್ದು ನಿಜ. ಟಾಕೀಸುಗಳ ಬಾಗಿಲು ನಮಗೆ ತೆರೆಯಲಿಲ್ಲ, ಹಾಗಾಗಿ ನಾವೇ ಪರದೆ ಹೊತ್ತುಕೊಂಡು ಹೋಗಿ ಹಾನಗಲ್ಲಿನ ಮಂಗಲ ಕಾರ್ಯಾಲಯದಲ್ಲಿ, ಹಿರೇಕೆರೂರಿನಲ್ಲಿ, ಹಂಸಭಾವಿಯಲ್ಲಿ ತೋರಿಸಿದೆವು. ಎಲ್ಲ ಕಡೆಯೂ ಆ ಮಾತು ಬಂದಾಗ ಹೆಂಗಸರ ಸಾಲಿನಲ್ಲಿ ಮೂಗು ಸೀಟುವ ಸದ್ದು ಏಳುತ್ತಿತ್ತು. ಇಷ್ಟಾದ ಮೇಲೆ ಅವ್ವ ಕಂಪನಿಯ ಮೆಟ್ಟಿಲನ್ನೂ ಹತ್ತಿದಳು. ಊರವರು ಅವಳಿಗೆ ‘ಕಂಪನಿ ತಾಯಿ’ ಎಂದು ಹೆಸರಿಟ್ಟರು. ಸಿಟ್ಟಾಗುತ್ತಾಳೆ ಎಂದುಕೊಂಡರೆ ನಾಚಿಕೊಂಡಳು.

ಹಂಸಭಾವಿಯಲ್ಲಿ ಪ್ರದರ್ಶನ ಮುಗಿದ ಮೇಲೆ ಒಬ್ಬ ಹೆಂಗಸು ಅವ್ವನ ಕೈ ಹಿಡಿದುಕೊಂಡು, ದೂರದಲ್ಲಿ ಜನರ ನಡುವೆ ನಿಂತಿದ್ದ ಗೆಳೆಯನ ಕಡೆ ತೋರಿಸಿ, ಅವನು ನಿಮ್ಮ ಖಾಸಾ ಮಗನೇ ಎಂದು ಕೇಳಿದಳು. ನಾನು ಅಲ್ಲೇ ಪಕ್ಕದಲ್ಲಿ ಸ್ಪೀಕರಿನ ವೈರು ಸುತ್ತುತ್ತಿದ್ದೆ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. “ಹೂಂನ್ರಿ, ನನ್ನ ಮಗಾನ. ಇರಾಂವ ಅಂವ ಒಬ್ಬನ,” ಎಂದಳು. ಆ ಹೆಂಗಸು ನನ್ನನ್ನು ತೋರಿಸಿ, ಈ ಅಣ್ಣ ಯಾರು ಎಂದದ್ದಕ್ಕೆ, “ವೈರ್ ಕೆಲಸದಾಂವ,” ಎಂದಳು.

ಎದೆಗೆ ಖಾರ ಅರೆದು ಹಚ್ಚಿದ ಹಾಗಾಯಿತು. ಮನೆಗೆ ಬಂದು ಕೆಲವು ದಿನ ಅವ್ವನ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಮೊದಲೇ ನಮ್ಮ ನಡುವೆ ಮಾತು ಕಡಿಮೆ.

ಎರಡನೇ ಸಿನಿಮಾಕ್ಕೆ ನಾನು ಕಥೆ ಬರೆಯುವಾಗ ಒಂದು ನಿರ್ಧಾರ ಮಾಡಿಕೊಂಡೇ ಕುಳಿತೆ. ಹೊಲದ ಪಾಲಿನ ಜಗಳದಲ್ಲಿ ಮನೆ ಬಿಟ್ಟು ಹೋದ ಮಗ, ಹರಿಹರದ ಕಡೆ ಅಕ್ಕಿ ಗಿರಣಿಯಲ್ಲಿ ದುಡಿದು, ವರ್ಷಗಳ ಮೇಲೆ ಯಲವಿಗಿಯಲ್ಲಿ ರೈಲು ಇಳಿಯುತ್ತಾನೆ. ತಾಯಿ ಎದುರುಗೊಳ್ಳಲು ಬಂದಿದ್ದಾಳೆ. ಅವಳ ಮಾತು: ‘ಬಂದ್ಯಾ, ನನ್ನಪ್ಪಾ.’ ಮಗನ ಪಾತ್ರ ನನ್ನದು. ಬರೆಯುವವನಿಗೆ ಇರುವ ಲಾಭ ಅದೊಂದೇ, ಬೇಕಾದ ಮಾತನ್ನು ಬೇಕಾದವರ ಬಾಯಲ್ಲಿ ಇಡಬಹುದು. ಗೆಳೆಯ ಓದಿ ನಕ್ಕ. ಹೀರೊ ಆಗುವ ಹುಚ್ಚು ಹಿಡಿಯಿತೇ, ನಿನ್ನ ಮುಖಕ್ಕೆ ಎರಡು ಲೈಟು ಹೆಚ್ಚಿಗೆ ಬೇಕಾಗುತ್ತವೆ ಎಂದು ಚೇಷ್ಟೆ ಮಾಡಿದ. ಆದರೆ ಬೇಡ ಎನ್ನಲಿಲ್ಲ. ತಾನು ಕ್ಯಾಮೆರಾದ ಹಿಂದೆ ಇರುತ್ತೇನೆ ಎಂದ.

ಪ್ಲಾಟ್‌ಫಾರ್ಮಿನ ಮೇಲೆ ಕ್ಯಾಮೆರಾ ಇಡಲು ಪರವಾನಗಿ ಬೇಕು, ನಮಗೆ ಅದರ ಗೋಜು ಬೇಡವಾಗಿತ್ತು. ಸ್ಟೇಷನ್ನಿನ ಹೊರಗೆ, ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಅವ್ವನನ್ನು ನಿಲ್ಲಿಸಿದೆವು. ಒಳಗಿನಿಂದ ರೈಲಿನ ಸದ್ದು ಪುಕ್ಕಟೆ ಸಿಗುತ್ತಿತ್ತು. ನಾನು ಹೆಗಲಿಗೆ ಚೀಲ ಹಾಕಿಕೊಂಡು ನಡೆದು ಬಂದೆ. ಟಂಟಂನವರು, ಚಹಾದಂಗಡಿಯವರು ಸುತ್ತ ನಿಂತು ನೋಡುತ್ತಿದ್ದರು. ಅವ್ವನ ಮುಂದೆ ಬಂದು ನಿಂತೆ.

“ಬಂದ್ಯಾ,” ಎಂದಳು ಅವ್ವ. ಅಷ್ಟಕ್ಕೇ ನಿಂತಳು.

ಗೆಳೆಯ ಇನ್ನೊಮ್ಮೆ ಎಂದ. ನಾನು ಹಿಂದೆ ಹೋಗಿ ಮತ್ತೆ ನಡೆದು ಬಂದೆ. ಈ ಸಲ ಅವ್ವ, ಬಂದ್ಯಾ, ಉಂಡಿಯೋ ಇಲ್ಲೋ ಎಂದಳು. ಮತ್ತೆ ತೆಗೆದೆವು. ಆಗ ಬಂದ್ಯಾ ಎಂದು ನನ್ನ ಚೀಲವನ್ನು ನೋಡಿದಳು. ಬಿಸಿಲು ಏರುತ್ತಿತ್ತು, ಕ್ಯಾಮೆರಾದವನ ತಾಳ್ಮೆಯೂ ಮುಗಿಯುತ್ತಿತ್ತು. ಗೆಳೆಯ ಹತ್ತಿರ ಬಂದು, ಮಾತು ಮರೆತುಹೋಯಿತೇನು ಎಂದು ನಿಧಾನವಾಗಿ ಕೇಳಿದ. ಮರೆತಿಲ್ಲ, ಅದನ್ನು ತಾನು ಅನ್ನುವುದಿಲ್ಲ ಎಂದಳು ಅವ್ವ. ನನ್ನ ತಲೆ ಕೆಟ್ಟುಹೋಯಿತು. ಮಂದಿಯೆಲ್ಲ ನಿಂತಿದ್ದಾರೆ ಎಂಬ ಪರಿವೆಯೂ ಇಲ್ಲದೆ ಕೇಳಿದೆ.

“ಅವಗ ಬಾಯಿ ತುಂಬ ಅಂತಿ. ನನಗ ಸಿನಿಮಾದಾಗೂ ಅನ್ನಾಕ ಬರಂಗಿಲ್ಲೇನ?”

ಅವ್ವ ಉತ್ತರ ಕೊಡುವ ಮೊದಲು ನನ್ನ ಹೆಸರಿನ ಕಥೆಯನ್ನು ಇಲ್ಲಿ ಹೇಳಬೇಕು. ನನಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಹಾಗಾಗಿ ನಾನು ಹುಟ್ಟಿದ ಕೂಡಲೇ ನನ್ನನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದರು. ಬಾಜೂ ಮನೆಯಾಕೆ, ಯಾರೋ ಎಸೆದು ಹೋದ ಕೂಸು ಎಂದು ಎತ್ತಿಕೊಂಡಳು. ಅವ್ವ ಅವಳಿಗೆ ಒಂದು ಸೇರು ತೌಡು ಕೊಟ್ಟು ನನ್ನನ್ನು ಕೊಂಡುಕೊಂಡಳು. ಹೆತ್ತ ಮಗನಾದರೆ ಸಾವು ಒಯ್ಯುತ್ತದೆ, ತಿಪ್ಪೆಯಲ್ಲಿ ಸಿಕ್ಕಿದ್ದನ್ನು ಯಾರು ಒಯ್ಯುತ್ತಾರೆ ಎಂಬ ಲೆಕ್ಕ. ಹೆಸರೂ ತಿಪ್ಪೆಯದೇ. ನಮ್ಮ ಕಡೆ ಆ ಹೆಸರಿನವರು ಊರಿಗೊಬ್ಬರು ಸಿಗುತ್ತಾರೆ, ಶಾಲೆಯಲ್ಲಿ ‘ತೌಡಿನ ಮಗ’ ಎಂದು ಕಾಡಿಸಿಕೊಂಡೇ ದೊಡ್ಡವರಾಗುತ್ತಾರೆ. ನಾನದನ್ನು ಹಳೆಯ ಕಾಲದ ಒಂದು ತಮಾಷೆ ಎಂದುಕೊಂಡಿದ್ದೆ. ಆ ವ್ಯಾಪಾರ ಅವತ್ತೇ ಮುಗಿದು ಹೋಯಿತು ಎಂದುಕೊಂಡಿದ್ದೆ.

ಅವ್ವನ ಪಾಲಿಗೆ ಅದು ಮುಗಿದೇ ಇರಲಿಲ್ಲ.

“ನೀ ಹಡದಾಂವ ಅಲ್ಲ, ಕೊಂಡಾಂವ. ಹಂಗಂತ ಹೇಳಿ ನಿನ್ನ ಉಳಿಸಿಕೊಂಡೇನಿ,” ಎಂದಳು. ಧ್ವನಿ ತಗ್ಗಿಸಿದ್ದಳು, ಮಂದಿಗೆ ಕೇಳಬಾರದೆಂದಲ್ಲ, ಇನ್ನಾರಿಗೋ ಕೇಳಬಾರದೆಂದು. “ಈಗ ನಡು ರಸ್ತೇದಾಗ ನಿಂತು ನನ್ನಪ್ಪಾ ಅಂದ್ರ, ಕೇಳಾಂವ ಕೇಳ್ತಾನ. ಇಷ್ಟು ವರ್ಷ ಬಾಯಿ ಬಿಗಿ ಹಿಡದಿದ್ದು, ನಿನ್ನ ಸಿನಿಮಾದ ಸಲುವಾಗಿ ಹಾಳ ಯಾಕ ಆಗಲಿ?”

ಮತ್ತೆ ಅವನಿಗೆ ಹೇಗೆ ಅನ್ನುತ್ತೀ ಎಂದು ಕೇಳಿದೆ.

“ಅಂವ ಸುಳ್ಳ ಮಗ. ಅವಗ ಎಷ್ಟ ಅಂದ್ರೂ ಏನಾಗತೈತಿ?”

ಗೆಳೆಯ ನಮ್ಮ ಪಕ್ಕದಲ್ಲೇ ನಿಂತಿದ್ದ. ಅವ್ವನಿಗೆ ಅದರ ಗಮನವಿತ್ತು, ಆದರೆ ತಾನು ಅಂದದ್ದರಲ್ಲಿ ಏನಾದರೂ ಇದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಜೋಳದ ಹೊಲಕ್ಕೆ ಬೆದರುಬೊಂಬೆ ನಿಲ್ಲಿಸುತ್ತೇವೆ ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಗೆಳೆಯ ಕ್ಯಾಮೆರಾದ ಬದಿಗೆ ಹೋಗಿ, ಲೆನ್ಸಿಗೆ ತಲೆ ತಾಗುವಷ್ಟು ಹತ್ತಿರ ನಿಂತ.

“ಯವ್ವಾ, ನನ್ನ ನೋಡಿ ಅನ್ನು,” ಎಂದ. “ನನಗೇನೂ ಆಗೂದಿಲ್ಲಲ್ಲ.”

ಅವ್ವನ ಮುಖ ಅರಳಿತು. ಇಷ್ಟು ಸುಲಭದ ಉಪಾಯ ಮೊದಲೇ ಹೇಳಬಾರದಿತ್ತೇ ಎಂಬಂತೆ ಸೆರಗು ಸರಿ ಮಾಡಿಕೊಂಡು, ಅವನನ್ನು ನೋಡಿ, ಅವನಿಗೇ ಅಂದಳು. ಒಂದೇ ಸಲಕ್ಕೆ ಸರಿಯಾಯಿತು. ನಾನು ಮರದ ಆ ಕಡೆ ಚೀಲ ಹೊತ್ತು ನಿಂತು ನೋಡಿದೆ. ನನಗೋಸ್ಕರ ನಾನೇ ಬರೆದುಕೊಂಡ ಮಾತು, ಮತ್ತೆ ಅವನ ಪಾಲಾಯಿತು.

ಕಾರಣ ತಿಳಿದ ಮೇಲೆ ಹೊಟ್ಟೆಯ ಉರಿ ಆರಬೇಕಿತ್ತು. ಜನ ಹಾಗೆ ಹೇಳುತ್ತಾರೆ, ಕಥೆಗಳಲ್ಲಿ ಹಾಗೇ ಆಗುತ್ತದೆ. ನನಗೆ ಆರಲಿಲ್ಲ. ಅವ್ವ ನನ್ನ ಜೀವಕ್ಕೆ ಅಂಜಿ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ತಲೆಗೆ ಗೊತ್ತಾಯಿತು. ಕಿವಿಗೆ ಮಾತ್ರ ಆ ಮಾತು ಬೇಕೇ ಬೇಕಿತ್ತು. ಅವಳ ದೃಶ್ಯವನ್ನೂ ನನ್ನ ದೃಶ್ಯವನ್ನೂ ಜೋಡಿಸುವಾಗ ಎಷ್ಟು ಸಲ ನೋಡಿದೆನೋ. ಅವಳ ಕಣ್ಣು ನನ್ನ ಕಡೆಗಲ್ಲ, ನನ್ನ ಕಿವಿಯಾಚೆಗೆ ಎಲ್ಲೋ ನೋಡುತ್ತಿದೆ. ಎಷ್ಟು ಕತ್ತರಿಸಿದರೂ ಕೂಡಲಿಲ್ಲ. ನೋಡುವವರಿಗೆ ಅದು ತಿಳಿಯುವುದಿಲ್ಲ ಎಂದ ಗೆಳೆಯ. ಆ ದಿನಗಳಲ್ಲಿ ಅವನು ನನ್ನೊಡನೆ ಮಾತಾಡಿದ್ದು ಇಂಥವಷ್ಟೇ. ನಮ್ಮ ಮನೆಗೆ ಊಟಕ್ಕೆ ಬರುವುದನ್ನೂ ಕಡಿಮೆ ಮಾಡಿದ್ದ. ನನ್ನಪ್ಪ ಯಾಕ ಬರಲೊಲ್ಲ ಎಂದು ಅವ್ವ ನನ್ನನ್ನೇ ಕೇಳುತ್ತಿದ್ದಳು.

ಹಾನಗಲ್ಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಮೊದಲ ಪ್ರದರ್ಶನವಾಯಿತು. ಗೆಳೆಯನ ಮಾತೇ ಸರಿ, ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಅತ್ತರು. ಹೊರಗೆ ಬಂದಾಗ ಜನ ಅವ್ವನನ್ನು ಸುತ್ತಿಕೊಂಡು, ಪರದೆಯ ಮೇಲೆ ಕಂಡ ನನ್ನನ್ನು ಗುರುತು ಹಿಡಿದು, ಇವನೇ ಮಗನೇ ಎಂದು ಕೇಳಿದರು. ಅವ್ವ ಅಲ್ಲವೆಂದು ತಲೆಯಾಡಿಸಿ, ಆತುರಾತುರವಾಗಿ ಗೆಳೆಯನನ್ನು ಹುಡುಕಿ ಅವನ ತೋಳು ಹಿಡಿದು ಮುಂದೆ ಎಳೆದುಕೊಂಡಳು. ಇವನು ನೋಡ್ರಿ ಎಂದಳು. ಅವನು ಎಲ್ಲರಿಗೂ ನಮಸ್ಕಾರ ಮಾಡಿದ. ಹಿಂದಿನ ಸಲವಿದ್ದ ನಗೆ ಈ ಸಲ ಅವನ ಮುಖದ ಮೇಲೆ ಇರಲಿಲ್ಲ.

ವಾಪಸು ಬರುವಾಗ ರಸ್ತೆ ಪಕ್ಕದ ಒಂದು ಅಂಗಡಿಯ ಮುಂದೆ ಮಿರ್ಚಿ ಭಜಿ ತಿನ್ನಲು ಗಾಡಿ ನಿಲ್ಲಿಸಿದೆವು. ಅವ್ವ ಬಾಣಲೆಯ ಹತ್ತಿರ ನಿಂತು, ಎಣ್ಣೆ ಹೊಸದೋ ಹಳೆಯದೋ ಎಂದು ಅಂಗಡಿಯವನ ವಿಚಾರಣೆ ನಡೆಸಿದ್ದಳು. ನಾವಿಬ್ಬರೂ ಬೆಂಚಿನ ಮೇಲೆ ಕುಳಿತಿದ್ದೆವು. ಇಷ್ಟು ವರ್ಷದಲ್ಲಿ ನಾನು ಅವನಿಗೆ ಹೇಳದೆ ಉಳಿಸಿಕೊಂಡಿದ್ದನ್ನು ಅವತ್ತು ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ.

“ನಿನ್ನ ಕಂಡ್ರ ನನ್ನ ಹೊಟ್ಟಿ ಉರೀತೈತಿ,” ಎಂದ.

ನಾನು ಹೇಳಬೇಕೆಂದಿದ್ದ ಮಾತು ಅದು. ಅವನ ಬಾಯಿಗೆ ಹೇಗೆ ಹೋಯಿತು?

“ನೀ ಎಲ್ಲಿ ಹೋಗಿಬಿಡ್ತೀಯೋ ಅಂತ ಅಂಜಿ ಆಕಿ, ನೀ ಹುಟ್ಟಿದಾಗಿಂದ ನಿನ್ನ ಹೆಸರ ಸೈತ ಕರದಿಲ್ಲ. ನನ್ನ ಬಾಯಿ ತುಂಬ ಕರೀತಾಳ. ಯಾಕಂದ್ರ ನಾ ಹೋದ್ರ ಆಕೀದೇನೂ ಹೋಗೂದಿಲ್ಲ.”

ಹಾಗಲ್ಲ ಮಾರಾಯ ಎನ್ನಬೇಕಿತ್ತು. ಎನ್ನಲಿಲ್ಲ. ಒಳಗೆ ಸಣ್ಣಗೆ ಒಂದು ಖುಷಿ ಎದ್ದದ್ದು ನಿಜ. ಕಂಪನಿ ಕಟ್ಟಿದಾಗಿನಿಂದ ಅವನು ನನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು.

ಅಷ್ಟರಲ್ಲಿ ಅವ್ವ ಎರಡು ಕಾಗದದಲ್ಲಿ ಮಿರ್ಚಿ ಹಿಡಿದುಕೊಂಡು ಬಂದಳು. ಕೆಂಪಗೆ, ಉಬ್ಬಿ ಚೆನ್ನಾಗಿ ಬಂದವನ್ನು ಆರಿಸಿ, ಬಿಸಿ ಇವೆ ನನ್ನಪ್ಪಾ ಎಂದು ಅವನ ಕೈಗಿಟ್ಟಳು. ನನಗೆ ಕೊಟ್ಟದ್ದು ಬಾಣಲೆಯ ತಳದಲ್ಲಿ ಉಳಿದು ಕರಕಲಾದದ್ದು. ಕೊಟ್ಟವಳು ನನ್ನ ಮುಖ ಕೂಡ ನೋಡದೆ ಗಾಡಿಯ ಕಡೆ ಹೋದಳು. ಗೆಳೆಯ ತನ್ನದನ್ನು ಬಾಯಿಗೆ ಒಯ್ಯಲಿಲ್ಲ. ಅವನ ಕಣ್ಣು ನನ್ನ ಕೈಯಲ್ಲಿದ್ದ ಸುಟ್ಟ ಮಿರ್ಚಿಯ ಮೇಲಿತ್ತು. ಅದನ್ನು ಇತ್ತ ಕೊಟ್ಟು ಇದನ್ನು ತೆಗೆದುಕೊಳ್ಳುತ್ತೀಯಾ ಎಂದು ಕೇಳಿದ.

ನಾನು ಕೊಡಲಿಲ್ಲ.